ರಾತ್ರಿ ಎರಡು ಗಂಟೆಗೆ ಮನೆ ಬಿಟ್ಟು ಓಡಬೇಕಾದರೆ ನಿಮ್ಮ ಹಕ್ಕಿ ಎಷ್ಟು ನಿಮಿಷದಲ್ಲಿ ಕ್ಯಾರಿಯರ್ ಒಳಗೆ?

ಹಸಿರುಗರಿ:
ಕಳೆದ ವಾರದ ಆ ರಾತ್ರಿ ಇನ್ನೂ ತಲೆಯಿಂದ ಹೋಗಿಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ.

ನಾವಿರೋದು ಮೂರನೇ ಮಹಡಿ. ರಾತ್ರಿ ಎರಡು ಗಂಟೆ ಸುಮಾರಿಗೆ ಕೆಳಗಡೆ ಮೀಟರ್ ಬೋರ್ಡಿಗೆ ಬೆಂಕಿ ಹತ್ತಿಕೊಂಡಿತು. ಬೆಂಕಿ ಸಣ್ಣದೇ, ಆದರೆ ಪ್ಲಾಸ್ಟಿಕ್ ಸುಟ್ಟ ಹೊಗೆ ಮೆಟ್ಟಿಲು ಹತ್ತಿ ಮೇಲೆ ಬರ್ತಿತ್ತು. "ಎಲ್ಲರೂ ಇಳೀರಿ, ಇಳೀರಿ" ಅಂತ ಯಾರೋ ಕೂಗಿದರು. ನಮ್ಮನೇಲಿ ಒಂದು ಕಾಕಟೀಲ್ (ತಲೆ ಮೇಲೆ ಜುಟ್ಟಿರೋ ಸಣ್ಣ ಗಿಣಿ), ಹೆಸರು ಚುಕ್ಕಿ, ಜೊತೆಗೆ ಎರಡು ಬಡ್ಜಿ, ಅಂದರೆ ಲವ್ ಬರ್ಡ್ಸ್ ಅಂತ ಮಾರೋ ಪುಟಾಣಿ ಗಿಣಿ. ದೊಡ್ಡ ಪಂಜರ ಬಾಗಿಲಲ್ಲಿ ಹಿಡಿಸಲ್ಲ. ಹಕ್ಕಿ ಒಯ್ಯೋ ಸಣ್ಣ ಪೆಟ್ಟಿಗೆ, ಅದೇ ಕ್ಯಾರಿಯರ್, ಅಟ್ಟದ ಮೇಲಿತ್ತು, ಅದರೊಳಗೆ ಹಳೇ ಸ್ವೆಟರ್ ತುಂಬಿಟ್ಟಿದ್ವಿ. ಕರೆಂಟ್ ಹೋಗಿತ್ತು. ಮೊಬೈಲ್ ಟಾರ್ಚ್ ಹಾಕಿದ ತಕ್ಷಣ ಚುಕ್ಕಿ ಬೆಚ್ಚಿಬಿದ್ದು ಪಂಜರದೊಳಗೇ ರಪರಪ ಬಡಿದುಕೊಂಡಿತು, ರೆಕ್ಕೆಯಲ್ಲಿ ಹೊಸದಾಗಿ ಬರ್ತಿದ್ದ ಗರಿ ಮುರಿದು ರಕ್ತ. ಮೂರನ್ನೂ ಹಿಡಿದು ಕೆಳಗಿಳಿಯೋ ಹೊತ್ತಿಗೆ 22 ನಿಮಿಷ ಆಗಿತ್ತು. ಮಗಳನ್ನ ಮೊದಲೇ ಕೆಳಗೆ ಕಳಿಸಿದ್ದೆ, ಅವಳು ರಸ್ತೆಯಲ್ಲಿ ನಿಂತು ಅಳ್ತಿದ್ದಳು.

ಎಲ್ಲರೂ ಬದುಕಿದ್ದೀವಿ. ಆದರೆ ಬೆಂಕಿ ಒಂಚೂರು ದೊಡ್ಡದಾಗಿದ್ದರೂ ಆ 22 ನಿಮಿಷ ನಮಗೆ ಸಿಗ್ತಿರಲಿಲ್ಲ. ನೀವೆಲ್ಲ ಏನು ತಯಾರಿ ಮಾಡ್ಕೊಂಡಿದ್ದೀರಿ? ಚೀಲದಲ್ಲಿ ಏನೇನಿದೆ? ಗಾಬರಿಬಿದ್ದ ಹಕ್ಕೀನ ಹಿಡಿಯೋದು ಹೇಗೆ?

ಗುಬ್ಬಿಗೂಡು:
ಅಯ್ಯೋ ದೇವರೇ. ಚುಕ್ಕಿ ಈಗ ಹೇಗಿದೆ?

ಹಸಿರುಗರಿ:
ಈಗ ಆರಾಮ. ರಕ್ತ ತಾನಾಗೇ ನಿಂತಿತು. ಎರಡು ದಿನ ಮಂಕಾಗಿ ಕೂತಿತ್ತು, ಈಗ ಮತ್ತೆ ಶಿಳ್ಳೆ ಶುರು.

ಹಕ್ಕಿವೈದ್ಯೆ:
ಆ ಎರಡು ದಿನದಲ್ಲೇ ಒಮ್ಮೆ ತೋರಿಸಬೇಕಿತ್ತು. ಬೈತಿಲ್ಲ, ಮುಂದೆ ಯಾರಿಗಾದರೂ ಬೇಕಾಗುತ್ತೆ ಅಂತ ಹೇಳ್ತಿದೀನಿ. ಹೊಗೆ ಕುಡಿದ ಹಕ್ಕಿ ಮೊದಲ ಕೆಲವು ಗಂಟೆ ಚೆನ್ನಾಗೇ ಕಾಣಿಸಬಹುದು, ಶ್ವಾಸಕೋಶದ ತೊಂದರೆ ಒಂದೆರಡು ದಿನ ಬಿಟ್ಟು ಹೊರಗೆ ಬರಬಹುದು. ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡ್ತಿದ್ದರೆ, ಕೊಕ್ಕು ತೆರೆದುಕೊಂಡು ಉಸಿರಾಡ್ತಿದ್ದರೆ, ದನಿ ಬದಲಾದರೆ, ಕಾಯಬೇಡಿ.

ಹಕ್ಕಿಗೆ ಹೊಗೆ ಯಾಕೆ ಇಷ್ಟು ಬೇಗ ತಾಗುತ್ತೆ ಅಂದರೆ ಅದರ ಉಸಿರಾಟದ ವ್ಯವಸ್ಥೆಯೇ ಬೇರೆ. ನಮ್ಮ ಥರ ಗಾಳಿ ಒಳಗೆ ಹೋಗಿ ಅದೇ ದಾರಿಯಲ್ಲಿ ವಾಪಸ್ ಬರಲ್ಲ. ಗಾಳಿಚೀಲಗಳಿವೆ, ಹೆಚ್ಚಿನ ಜಾತಿಗಳಲ್ಲಿ 9. ಅವು ಗಾಳಿಯನ್ನ ಶ್ವಾಸಕೋಶದ ಮೂಲಕ ಒಂದೇ ದಿಕ್ಕಿಗೆ ಹರಿಸ್ತಾವೆ. ಉಸಿರು ಎಳೆದಾಗಲೂ ಬಿಟ್ಟಾಗಲೂ ಆಮ್ಲಜನಕ ಸಿಗುತ್ತೆ. ಹಾರೋಕೆ ಅದು ಬೇಕು. ಗಾಳಿಯಲ್ಲಿ ವಿಷ ಇದ್ದರೆ ಅದೂ ಅಷ್ಟೇ ವೇಗದಲ್ಲಿ ಒಳಗೆ ಇಳಿಯುತ್ತೆ.

ಕೆಂಬಾಲ:
ಗಣಿಗಳಲ್ಲಿ ಕ್ಯಾನರಿ ಇಡ್ತಿದ್ದಿದ್ದು ಇದಕ್ಕೇ. ಜಾನ್ ಸ್ಕಾಟ್ ಹಾಲ್ಡೇನ್ ಅನ್ನೋ ವಿಜ್ಞಾನಿ 1890ರ ದಶಕದಲ್ಲಿ ಕೊಟ್ಟ ಸಲಹೆ ಅದು, ಬ್ರಿಟನ್ನಿನ ಗಣಿಗಳಲ್ಲಿ 1986ರವರೆಗೂ ಇತ್ತು. ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಾನಿಲ ಮನುಷ್ಯನಿಗೆ ಗೊತ್ತಾಗೋ ಮೊದಲೇ ಕ್ಯಾನರಿ ಕೆಳಗೆ ಬೀಳ್ತಿತ್ತು. ಕೆಲವು ಪಂಜರಕ್ಕೆ ಸಣ್ಣ ಆಮ್ಲಜನಕ ಸಿಲಿಂಡರ್ ಕೂಡ ಇರ್ತಿತ್ತು, ಬಿದ್ದ ಹಕ್ಕೀನ ಮತ್ತೆ ಎಬ್ಬಿಸೋಕೆ. ಆ ಪಂಜರದ ಚಿತ್ರ ನೋಡಿದಾಗ ನನಗೆ ಗಂಟಲು ಕಟ್ಟಿತು.

ಮಳೆಹಕ್ಕಿ:
ನಮ್ಮದು ಮಳೆಗಾಲದಲ್ಲಿ ಅಂಗಳಕ್ಕೆ ನೀರು ನುಗ್ಗುವ ಮನೆ ಮಾರಾಯ್ರೇ, ಹಾಗಾಗಿ ನನಗೆ ಇದು ಅಭ್ಯಾಸ ಆಗಿ ಹೋಗಿದೆ. ಒಂದೇ ಒಂದು ಮಾತು ಹೇಳ್ತೇನೆ. ಕ್ಯಾರಿಯರನ್ನು ಅಟ್ಟದಲ್ಲಿ ಇಡ್ಲಿಕ್ಕೆ ಇಲ್ಲ. ನನ್ನ ಕೊನ್ಯೂರ್ ಗಿಣಿಯ ಕ್ಯಾರಿಯರ್ ಅದರ ಪಂಜರದ ಪಕ್ಕದಲ್ಲೇ, ಬಾಗಿಲು ತೆಗೆದು, ವರ್ಷವಿಡೀ ಅಲ್ಲೇ ಉಂಟು. ಅದಕ್ಕೆ ಅತಿ ಇಷ್ಟದ ತಿಂಡಿ ಸಿಗುವುದು ಅದರೊಳಗೆ ಮಾತ್ರ. ಈಗ ನಾನು "ಬಾ ಒಳಗೆ" ಅಂದ್ರೆ ಸಾಕು, ನಡೆದುಕೊಂಡು ಹೋಗ್ತದೆ.

ಶುರುವಿಗೆ ಹಾಗಿರಲಿಲ್ಲ. ಮೊದಲ ವಾರ ಕ್ಯಾರಿಯರನ್ನು ಕೋಣೆಯ ಆ ತುದಿಯಲ್ಲಿ ಇಟ್ಟು ಸುಮ್ಮನೆ ಬಿಟ್ಟೆ. ಆಮೇಲೆ ದಿನಕ್ಕೆ ಒಂದು ಗೇಣು ಹತ್ತಿರ. ಹತ್ತಿರ ಬಂದಾಗ ಅದು ಗರಿ ಬಿಗಿಮಾಡಿ ಸಪೂರ ಆಗಿ ನಿಂತರೆ ಹೆದರಿದೆ ಅಂತ ಅರ್ಥ, ಮತ್ತೆ ಒಂದು ಗೇಣು ಹಿಂದೆ. ಒಳಗೆ ಕಾಲಿಟ್ಟ ಕೂಡಲೇ ಬಾಗಿಲು ಹಾಕುವ ಆಸೆ ಆಗ್ತದೆ, ಹಾಕ್ಬೇಡಿ. ಹತ್ತು ಸಲ ಹೋಗಿ ಬಂದ ಮೇಲೆ ಹನ್ನೊಂದನೇ ಸಲ ಎರಡು ಸೆಕೆಂಡು ಹಾಕಿ ತೆಗೆಯಿರಿ. ನನಗೆ ಒಟ್ಟು ಒಂದೂವರೆ ತಿಂಗಳು ಹಿಡಿಯಿತು.

ಬಡ್ಜಿಮನೆ:
ಕೊನ್ಯೂರ್ ಆದರೆ ಸರಿ, ಕೈಗೆ ಬರದ ಬಡ್ಜಿಗೆ ಇದೆಲ್ಲ ಆಗಲ್ಲ. ನನ್ನ ಹತ್ರ ಆರು ಇವೆ, ಒಂದೂ ಬೆರಳ ಮೇಲೆ ಕೂರಲ್ಲ.

ಮಳೆಹಕ್ಕಿ:
ಕೈಗೆ ಬರಬೇಕು ಅಂತಿಲ್ಲವಲ್ಲ. ಕ್ಯಾರಿಯರ್ ಬಾಗಿಲನ್ನು ಪಂಜರದ ಬಾಗಿಲಿಗೆ ತಾಗಿಸಿ ಕಟ್ಟಿ, ನವಣೆ ತೆನೆ ಒಳಗೆ ಮಾತ್ರ ಇಡಿ. ಒಂದು ಹೋದ್ರೆ ಉಳಿದದ್ದೂ ಹೋಗ್ತವೆ.

ಹಳೇಪಂಜರ:
ಮೂವತ್ತು ವರ್ಷದಿಂದ ಹಕ್ಕಿ ಸಾಕಿದವನು ನಾನು. ಇಷ್ಟೆಲ್ಲ ತರಬೇತಿ ಬೇಡ. ಬೆಂಕಿ ಬಿದ್ದರೆ ಕಿಟಕಿ ತೆಗೆದು, ಪಂಜರ ತೆಗೆದು ಬಿಟ್ಟುಬಿಡಿ, ರೆಕ್ಕೆ ಇರೋದೇ ಅದಕ್ಕೆ. ಪಂಜರದೊಳಗೆ ಉಸಿರುಕಟ್ಟಿ ಸಾಯೋದಕ್ಕಿಂತ ವಾಸಿ. ಇನ್ನು ಶಾಕ್ ಆದ ಹಕ್ಕಿಗೆ ಎರಡು ಹನಿ ಬ್ರಾಂದಿ ನೀರಲ್ಲಿ ಕಲಸಿ ಕೊಕ್ಕಿಗೆ ಬಿಟ್ಟರೆ ಎದ್ದು ಕೂರುತ್ತೆ. ನಮ್ಮ ತಂದೆ ಕಾಲದಿಂದ ಮಾಡ್ತಿದ್ದೀವಿ.

ಹಕ್ಕಿವೈದ್ಯೆ:
ಸರ್, ನಿಮ್ಮ ಅನುಭವಕ್ಕೆ ಗೌರವ ಇಟ್ಟುಕೊಂಡೇ ಹೇಳ್ತೀನಿ, ಬ್ರಾಂದಿ ಬೇಡವೇ ಬೇಡ. ಮದ್ಯ ಹಕ್ಕಿಗೆ ವಿಷ. ಅದಕ್ಕಿಂತ ದೊಡ್ಡ ಅಪಾಯ ಆ "ಕೊಕ್ಕಿಗೆ ಬಿಡೋದು". ಸೊರಗಿದ ಹಕ್ಕಿಗೆ ಸರಿಯಾಗಿ ನುಂಗೋಕೆ ಆಗಲ್ಲ. ನೀರಾಗಲಿ ಔಷಧಿಯಾಗಲಿ ಡ್ರಾಪರ್‌ನಲ್ಲಿ ಬಿಟ್ಟರೆ ಶ್ವಾಸನಾಳಕ್ಕೆ ಹೋಗುತ್ತೆ, ಅದೇ ಅದನ್ನ ಕೊಲ್ಲುತ್ತೆ. ಹೀಗೆ ಬಂದ ಹಕ್ಕಿಗಳನ್ನ ನಾನು ಮೇಜಿನ ಮೇಲೆ ಕಳಕೊಂಡಿದ್ದೀನಿ.

ಶಾಕ್ ಆದ ಹಕ್ಕಿಗೆ ಬೇಕಿರೋದು ಬೆಚ್ಚಗೆ, ಕತ್ತಲು, ನಿಶ್ಶಬ್ದ. ಹಕ್ಕಿಯ ಮೈ ಬಿಸಿ ಮಾಮೂಲಿಯಾಗಿ 40ರಿಂದ 42 ಡಿಗ್ರಿ ಇರುತ್ತೆ, ಅದನ್ನ ಕಾಯ್ದುಕೊಳ್ಳೋಕೇ ಅದರ ಶಕ್ತಿಯೆಲ್ಲ ಖರ್ಚಾಗ್ತಿರುತ್ತೆ. ಗಾಳಿಯಾಡೋ ಪೆಟ್ಟಿಗೆ, ಒಳಗೆ 29ರಿಂದ 32 ಡಿಗ್ರಿ. ಬಿಸಿನೀರಿನ ಬಾಟಲಿಗೆ ಟವಲ್ ಸುತ್ತಿ ಪೆಟ್ಟಿಗೆಯ ಒಂದೇ ಮಗ್ಗುಲಿಗೆ ಇಡಿ, ಸೆಕೆ ಅನ್ನಿಸಿದರೆ ಹಕ್ಕಿ ಆಚೆ ಸರಿದು ಕೂರಬೇಕು. ಬಾಯಿ ತೆರೆದು ರೆಕ್ಕೆ ಅಗಲಿಸಿದರೆ ಬಿಸಿ ಜಾಸ್ತಿಯಾಗಿದೆ, ತಕ್ಷಣ ತೆಗೀರಿ.

ಬೂದುಗಿಣಿ:
ಬಿಟ್ಟುಬಿಡ್ರಿ ಅಂತ ಹಂಗ ಅನಬ್ಯಾಡ್ರಿ ಅಣ್ಣಾರ. ಕೈಯಾಗ ಬೆಳದ ಗಿಣಿಗೆ ಹೊರಗಿನ ಲೋಕ ಗೊತ್ತಿಲ್ರಿ. ಕಾಳು ಎಲ್ಲಿ ಸಿಗತೈತಿ, ಹದ್ದು ಹೆಂಗಿರತೈತಿ, ಒಂದೂ ಗೊತ್ತಿಲ್ಲ. ಬೆಂಕಿಯಿಂದ ಉಳದು ಹಸಿವಿಲೆ ಸಾಯತೈತಿ.

ಹಳೇಪಂಜರ:
ಬ್ರಾಂದಿ ವಿಷಯ ಒಪ್ಪಿಕೊಂಡೆ ಡಾಕ್ಟ್ರೇ. ನಮ್ಮ ಕೈಯಲ್ಲಿ ಕೆಲವು ಉಳಿದಿದ್ದು ಬ್ರಾಂದಿಯಿಂದ ಅಲ್ಲ, ಅದನ್ನ ಎದೆಗೆ ಅವಚಿಕೊಂಡು ಬೆಚ್ಚಗಿಟ್ಟಿದ್ದಕ್ಕೆ ಅಂತ ಈಗ ಅನ್ನಿಸುತ್ತೆ. ಆದರೆ ಬಿಡೋ ವಿಷಯದಲ್ಲಿ ನನ್ನ ಮಾತು ಬದಲಾಗಲ್ಲ. ಬಾಗಿಲ ಹತ್ತಿರ ಬೆಂಕಿ ಇದೆ, ಹಕ್ಕಿ ಕೈಗೆ ಸಿಗ್ತಿಲ್ಲ, ನಿಮ್ಮ ಜೀವ ಹೋಗುತ್ತೆ. ಆಗ ಏನು ಮಾಡ್ತೀರಿ? ಬಾಗಿಲು ಹಾಕಿ ಓಡ್ತೀರಾ?

ಬೂದುಗಿಣಿ:
ಆ ಒಂದು ಹೊತ್ತಿನಾಗ ನೀವು ಹೇಳೋದು ಖರೆ ಐತ್ರಿ. ಅದು ಕಡೀ ದಾರಿ. ನಾ ಹೇಳಿದ್ದು ಅದನ್ನ ಮೊದಲನೇ ಉಪಾಯ ಅಂತ ತಿಳಕೋಬ್ಯಾಡ್ರಿ ಅಂತ.

ಮುಸ್ಸಂಜೆ:
ಇಬ್ಬರಿಗೂ ಒಂದು ಮಾತು. ನಮ್ಮ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದೀನಿ: "ಒಳಗೆ 2 ಹಕ್ಕಿ, ಎಡಗಡೆ ಕೋಣೆ". ನಾನು ಮನೇಲಿಲ್ಲದಾಗ ಬೆಂಕಿ ಬಿದ್ದರೆ ಅಗ್ನಿಶಾಮಕದವರಿಗೆ ಗೊತ್ತಾಗಲಿ ಅಂತ. ಹಕ್ಕಿ ಸಮೇತ ಹೊರಗೆ ಬಂದರೆ ಆ ಚೀಟಿ ಕಿತ್ತು ಹಾಕಿ, ಇಲ್ಲದ ಹಕ್ಕಿಗೋಸ್ಕರ ಅವರು ಒಳಗೆ ಹುಡುಕಬಾರದು. ಮತ್ತೆ, ಒಮ್ಮೆ ಹೊರಗೆ ಬಂದ ಮೇಲೆ ನೀವೇ ವಾಪಸ್ ಒಳಗೆ ಹೋಗಬೇಡಿ.

ಹಸಿರುಗರಿ:
ಚೀಟಿ ಇವತ್ತೇ ಅಂಟಿಸ್ತೀನಿ. ಕತ್ತಲಲ್ಲಿ ಹಿಡಿಯೋ ಬಗ್ಗೆ ಯಾರಾದರೂ ಹೇಳ್ತೀರಾ? ಟಾರ್ಚ್ ಹಾಕಿದ್ದೇ ತಪ್ಪಾಯ್ತಾ?

ಕೆಂಬಾಲ:
ಟಾರ್ಚ್ ತಪ್ಪಲ್ಲ, ನೇರ ಅದರ ಮೇಲೆ ಬಿಟ್ಟಿದ್ದು ತೊಂದರೆ. ಬೆಳಕು ಚಾವಣಿಗೆ ಬಿಡಿ. ಕಾಕಟೀಲ್‌ಗಳು ಇದರಲ್ಲಿ ತುಂಬಾ ಸೂಕ್ಷ್ಮ, ಹಲ್ಲಿ ಓಡಾಡಿದರೂ ರಾತ್ರಿ ಬೆಚ್ಚಿ ಬಡಿದುಕೊಳ್ತವೆ. ಅದಕ್ಕೇ ನಮ್ಮನೇಲಿ ಪಂಜರದ ಹತ್ತಿರ ಸಣ್ಣ ರಾತ್ರಿದೀಪ ಸದಾ ಉರಿಯುತ್ತೆ, ಕರೆಂಟ್ ಹೋದರೂ ಬ್ಯಾಟರಿಯಲ್ಲಿ ಉರಿಯೋ ಅಂಥದ್ದು.

ಹಿಡಿಯುವಾಗ ಕತ್ತಲೇ ನಿಮ್ಮ ಸಹಾಯಕ್ಕೆ ಬರುತ್ತೆ. ಹಕ್ಕಿ ಎಲ್ಲಿ ಕೂತಿದೆ ಅಂತ ನೋಡ್ಕೊಳ್ಳಿ, ಬೆಳಕು ಆರಿಸಿ, ಟವಲ್ ಹಾಕಿ ಹಿಡೀರಿ. ಹೆಚ್ಚಿನ ಸಾಕುಹಕ್ಕಿಗಳಿಗೆ ಕತ್ತಲಲ್ಲಿ ಸರಿಯಾಗಿ ಕಾಣಲ್ಲ, ಹಾರೋಕೆ ಹಿಂಜರಿಯುತ್ತವೆ. ಹೆಸರು ಹಿಡಿದು ಮಾತಾಡ್ತಾ ಹೋಗಿ. ಮೌನವಾಗಿ ಕೈ ಬಂದರೆ ಅದಕ್ಕೆ ಬೇಟೆಗಾರ ಬಂದಂಗೆ.

ಹಕ್ಕಿವೈದ್ಯೆ:
ಕೆಂಬಾಲ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, ಜೀವದ ವಿಷಯ. ಹಿಡಿದಾಗ ಎದೆ ಒತ್ತಬೇಡಿ. ಎದೆ ಹೊಟ್ಟೆ ನಡುವೆ ಉಸಿರೆಳೆಯೋಕೆ ನಮಗಿರೋ ಸ್ನಾಯು, ವಪೆ, ಹಕ್ಕಿಗಿಲ್ಲ, ಎದೆಗೂಡು ಮುಂದೆ ಹಿಂದೆ ಆಡಿದರೆ ಮಾತ್ರ ಗಾಳಿ ಒಳಗೆ ಹೋಗುತ್ತೆ. ಕುತ್ತಿಗೆಯ ಎರಡು ಪಕ್ಕ ಬೆರಳು, ರೆಕ್ಕೆ ಮೈಗೆ ಅಂಟಿರಲಿ, ಎದೆ ಬಿಡುವಾಗಿರಲಿ. ಹೆದರಿಕೆಯಲ್ಲಿ ನಾವು ಗಟ್ಟಿಯಾಗಿ ಹಿಡೀತೀವಿ, ಮಗು ಸುಮ್ಮನಾಯ್ತು ಅಂದುಕೊಳ್ತೀವಿ, ಅದು ಉಸಿರು ನಿಂತು ಸುಮ್ಮನಾಗಿರುತ್ತೆ.

ಗುಬ್ಬಿಗೂಡು:
ಇದು ಗೊತ್ತೇ ಇರಲಿಲ್ಲ ಮೇಡಂ. ರಕ್ತದ ಬಗ್ಗೆ ಕೂಡ ಹೇಳಿ. ಮುರಿದ ಗರಿ ಪೂರ್ತಿ ಕಿತ್ತುಬಿಡಬೇಕು ಅಂತಾರಲ್ಲ?

ಬಡ್ಜಿಮನೆ:
ಹೌದು, ಕಿತ್ತುಬಿಟ್ಟರೆ ರಕ್ತ ನಿಲ್ಲುತ್ತೆ. ನಾನು ಎರಡು ಸಲ ಮಾಡಿದ್ದೀನಿ.

ಹಕ್ಕಿವೈದ್ಯೆ:
ಎರಡು ಸಲ ಸರಿಹೋಗಿದ್ದು ಅದೃಷ್ಟ. ಹಕ್ಕಿಯ ರಕ್ತ ಸುಮಾರು ಅದರ ತೂಕದ ನೂರಕ್ಕೆ 10 ಭಾಗ. ಅಂದರೆ 35 ಗ್ರಾಂ ಬಡ್ಜಿಯ ಮೈಯಲ್ಲಿರೋದು ಮೂರೂವರೆ ಎಂಎಲ್, ಒಂದು ಟೀ ಚಮಚವೂ ತುಂಬಲ್ಲ. ಕೀಳುವಾಗ ಗರಿಯ ಬುಡ ಹರಿದರೆ ರಕ್ತ ಇನ್ನೂ ಜಾಸ್ತಿಯಾಗಬಹುದು, ರೆಕ್ಕೆ ಮೂಳೆಗೂ ಪೆಟ್ಟಾಗಬಹುದು. ಮನೇಲಿ ಮಾಡಬೇಕಾದ್ದು ಇಷ್ಟೇ: ಗಾಜ್ ಬಟ್ಟೆಗೆ ಕಾರ್ನ್‌ಫ್ಲೋರ್ ಹಚ್ಚಿ ಮುರಿದ ತುದಿಗೆ ಎರಡು ಮೂರು ನಿಮಿಷ ಒತ್ತಿ ಹಿಡೀರಿ, ನಡುವೆ ತೆಗೆದು ತೆಗೆದು ನೋಡಬೇಡಿ. ನಿಂತರೆ ಮುಟ್ಟಬೇಡಿ. ನಿಲ್ಲದಿದ್ದರೆ ಒತ್ತಿಕೊಂಡೇ ಬನ್ನಿ. ಅಂಗಡಿಯಲ್ಲಿ ಸಿಗೋ ರಕ್ತ ನಿಲ್ಲಿಸೋ ಪುಡಿ ಉಗುರಿಗೆ ಮಾತ್ರ, ಚರ್ಮದ ಗಾಯಕ್ಕೆ ಹಾಕಿದರೆ ಸುಡುತ್ತೆ. ಎಣ್ಣೆಯಂಥ ಮುಲಾಮು ಗರಿಗೆ ತಾಗಿಸಬೇಡಿ, ಗರಿ ಜಿಡ್ಡಾದರೆ ಮೈ ಬಿಸಿ ನಿಲ್ಲಲ್ಲ.

ಬಡ್ಜಿಮನೆ:
ಸರಿ ಮೇಡಂ, ಇನ್ನು ಕೀಳಲ್ಲ.

ಗುಬ್ಬಿಗೂಡು:
ಬೆಕ್ಕು ಕಚ್ಚಿದರೆ? ಪಕ್ಕದ ಮನೆ ಬೆಕ್ಕು ನಮ್ಮ ಬಾಲ್ಕನಿಗೆ ಬರ್ತಾ ಇರುತ್ತೆ.

ಹಕ್ಕಿವೈದ್ಯೆ:
ಹಲ್ಲು ಒಂಚೂರು ತಾಗಿದ್ದರೂ, ರಕ್ತ ಕಾಣದಿದ್ದರೂ, ಅದೇ ದಿನ ಆಸ್ಪತ್ರೆ. ಬೆಕ್ಕಿನ ಬಾಯಲ್ಲಿ ಪಾಶ್ಚುರೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಇರುತ್ತೆ, ಆಂಟಿಬಯಾಟಿಕ್ ಸಿಗದಿದ್ದರೆ ಒಂದೆರಡು ದಿನದಲ್ಲೇ ಹಕ್ಕಿ ಹೋಗಬಹುದು. ಮನೇಲಿರೋ ಮನುಷ್ಯರ ಮಾತ್ರೆ ಕೊಡಬೇಡಿ.

ಎರಡುಗೂಡು:
ಬೆಂಕಿ, ಪ್ರವಾಹ ಅಂತ ಎಲ್ಲರೂ ಬರೀತಿದ್ದೀರಿ. ನನಗಾದ ತುರ್ತು ಬೇರೆ ಥರದ್ದು.

ನಾನು ಒಂಟಿಯಾಗಿರೋಳು. ಹೋದ ವರ್ಷ ರಸ್ತೆಯಲ್ಲಿ ಗಾಡಿ ತಾಗಿ ಬಿದ್ದು ತಲೆಗೆ ಪೆಟ್ಟಾಯ್ತು, ಆಸ್ಪತ್ರೆಯಲ್ಲಿ ಮೂರು ದಿನ ಸರಿಯಾದ ಪ್ರಜ್ಞೆ ಇರಲಿಲ್ಲ. ಮನೇಲಿ ಎರಡು ಬಡ್ಜಿ ಇವೆ ಅಂತ ಯಾರಿಗೂ ಗೊತ್ತಿಲ್ಲ. ನಾಲ್ಕನೇ ದಿನ ಅಕ್ಕ ಬಂದು ಬೀಗ ಒಡೆಸಿದಾಗ ನೀರಿನ ಬಟ್ಟಲು ಒಣಗಿತ್ತು. ಹೆಣ್ಣು ಪಂಜರದ ತಳದಲ್ಲಿತ್ತು. ಗಂಡು ಅದರ ಪಕ್ಕದಲ್ಲೇ ಕೂತಿತ್ತಂತೆ. ಅದು ಬದುಕಿತು.

ಈಗ ನನ್ನ ಪರ್ಸ್‌ನಲ್ಲಿ ಗುರುತಿನ ಚೀಟಿಯ ಜೊತೆ ಒಂದು ಕಾರ್ಡ್ ಇದೆ: "ಮನೆಯಲ್ಲಿ ಸಾಕುಹಕ್ಕಿ ಇದೆ, ದಯವಿಟ್ಟು ಇವರಿಗೆ ಫೋನ್ ಮಾಡಿ", ಕೆಳಗೆ ಎರಡು ನಂಬರ್. ಇಬ್ಬರ ಹತ್ರಾನೂ ಮನೆ ಕೀ ಇದೆ. ಎದುರು ಮನೆಯವರಿಗೂ ನನಗೂ ಒಂದು ಮಾತಾಗಿದೆ: ಬೆಳಿಗ್ಗೆ ನಾನು ಮೆಸೇಜ್ ಹಾಕಬೇಕು, ಮಧ್ಯಾಹ್ನದವರೆಗೂ ಹಾಕದಿದ್ದರೆ ಅವರು ಬಾಗಿಲು ತಟ್ಟಬೇಕು. ಪಂಜರದಲ್ಲಿ ನೀರು ಎರಡು ಕಡೆ ಇಡ್ತೀನಿ.

ಗುಬ್ಬಿಗೂಡು:
ಓದಿ ಕಣ್ಣು ತುಂಬಿತು ಅಕ್ಕ. ನೀವು ಹುಷಾರಾಗಿದ್ದೀರಲ್ಲ, ಅಷ್ಟು ಸಾಕು.

ಮಳೆಹಕ್ಕಿ:
ನಾನು ಇಷ್ಟು ವರ್ಷ ನೀರಿನದ್ದು ಮಾತ್ರ ಯೋಚಿಸಿದ್ದೆ. ಆ ಕಾರ್ಡ್ ಇವತ್ತು ರಾತ್ರಿಯೇ ಬರೀತೇನೆ.

ಬೂದುಗಿಣಿ:
ಅಕ್ಕಾರ, ಭಾಳ ದೊಡ್ಡ ಮಾತು ಹೇಳಿದ್ರಿ. ನನ್ನ ಕಡೆ ಇರೋದು ಆಫ್ರಿಕನ್ ಗ್ರೇ ಗಿಣಿ. ಅದು 40-50 ವರ್ಷ ಬದಕತೈತಿ, ನನಗ ಈಗ 58. ನನ್ನ ಹಿಂದ ಯಾರು ನೋಡಕೋತಾರ ಅಂತ ಬರದ ಇಟ್ಟೀನಿ. ತಮ್ಮನ ಮಗಳು ಒಪ್ಪಿಕೊಂಡಾಳ. ಸುಮ್ಮನ ಒಪ್ಪಿಕೊಂಡರ ಸಾಲದು ಅಂತ ವರ್ಷಕ್ಕ ಹದಿನೈದು ದಿನ ಗಿಣಿನ ಅಕಿ ಕಡೆ ಬಿಟ್ಟು ಬರತೀನ್ರಿ. ಮೊದಲನೇ ಸಲ ನಾಲ್ಕು ದಿನ ಸಿಟ್ಟಿನಿಂದ ಮಾತಾಡಲಿಲ್ಲ. ಈಗ ಅಕಿ ಹೆಸರು ಹಿಡದು ಕರೀತೈತಿ.

ಮುಸ್ಸಂಜೆ:
ಚೀಲದ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೀತೀನಿ. ನಮ್ಮದು ಕ್ಯಾರಿಯರ್ ಮೇಲೇ ಇರುತ್ತೆ. ಒಂದು ವಾರದ ಕಾಳು, ಪೆಲೆಟ್ (ಹಕ್ಕಿಗಂತ ಮಾಡೋ ಗುಳಿಗೆ ಥರದ ಆಹಾರ) ಮತ್ತು ಬಾಟಲಿ ನೀರು, ಮೂರು ತಿಂಗಳಿಗೊಮ್ಮೆ ಬದಲಿಸ್ತೀನಿ. ಎರಡು ಟವಲ್, ಗಾಜ್ ಬಟ್ಟೆ, ಕಾರ್ನ್‌ಫ್ಲೋರ್ ಡಬ್ಬಿ, ಸಣ್ಣ ಕತ್ತರಿ, ಬಿಸಿನೀರಿನ ಬಾಟಲಿ, ಪಂಜರ ಮುಚ್ಚೋ ಬಟ್ಟೆ, ಗ್ರಾಂ ತೋರಿಸೋ ತಕ್ಕಡಿ. ಪ್ಲಾಸ್ಟಿಕ್ ಕವರಲ್ಲಿ ಫೋಟೋಗಳು, ಒಂದರಲ್ಲಿ ನಾನೂ ಹಕ್ಕಿಯೂ ಒಟ್ಟಿಗಿದ್ದೀವಿ. ಕಾಲಿನ ಉಂಗುರದ ನಂಬರ್, ಆಸ್ಪತ್ರೆ ಚೀಟಿ. ಕಳೆದು ಸಿಕ್ಕಾಗ "ಇದು ನನ್ನದೇ" ಅಂತ ತೋರಿಸೋಕೆ ಇವು ಬೇಕಾಗುತ್ತವೆ.

ಕಾಳು ಮಾತ್ರ ತಿಂದು ಬೆಳೆದ ಹಕ್ಕಿಗೆ ತುರ್ತಿನಲ್ಲಿ ಪೆಲೆಟ್ ಇಟ್ಟರೆ ಅದು ಆಹಾರ ಅಂತಲೇ ಗೊತ್ತಾಗಲ್ಲ, ಉಪವಾಸ ಕೂರುತ್ತೆ. ನೆಮ್ಮದಿಯಾಗಿರೋ ದಿನಗಳಲ್ಲೇ ಎರಡು ಮೂರು ಥರ ತಿನ್ನೋದು ಕಲಿಸಿ.

ಕೆಂಬಾಲ:
ತಕ್ಕಡಿ ಸರಿ. ಹಕ್ಕಿ ಕಾಯಿಲೆ ಮುಚ್ಚಿಡುತ್ತೆ, ತೂಕ ಮುಚ್ಚಿಡೋಕೆ ಆಗಲ್ಲ. ದಿನಾ ಬೆಳಿಗ್ಗೆ ತೂಗಿ ಬರೀತೀನಿ, ನೂರಕ್ಕೆ 10 ಇಳಿದರೆ ಸೀದಾ ಡಾಕ್ಟರ್ ಹತ್ರ.

ಬಡ್ಜಿಮನೆ:
ಕ್ಯಾರಿಯರ್‌ನಲ್ಲಿ ನೀರಿನ ಬಟ್ಟಲು ಇಡಬೇಕಲ್ವಾ?

ಮುಸ್ಸಂಜೆ:
ಚಲಿಸುವಾಗ ಬೇಡ, ಚೆಲ್ಲಿ ಹಕ್ಕಿ ಒದ್ದೆಯಾಗುತ್ತೆ. ಸೌತೆಕಾಯಿ ತುಂಡು ಇಡಿ, ನಿಂತಾಗ ನೀರು ತೋರಿಸಿ. ಕೂರೋ ಕಡ್ಡಿ ತಗ್ಗಲ್ಲಿರಲಿ, ಬ್ರೇಕ್ ಹಾಕಿದರೆ ಎತ್ತರದಿಂದ ಬೀಳಬಾರದು.

ಹಳೇಪಂಜರ:
ತಂಗೀ, ಮನೆ ಬಿಟ್ಟ ಮೇಲೆ ಎಲ್ಲಿಗೆ ಹೋಗೋದು ಅಂತಾನೂ ಮೊದಲೇ ಯೋಚಿಸಬೇಕು. 2005ರಲ್ಲಿ ಕತ್ರಿನಾ ಚಂಡಮಾರುತ ಬಂದಾಗ ಪ್ರಾಣಿಗಳನ್ನ ಬಿಟ್ಟು ಬರಲ್ಲ ಅಂತ ಎಷ್ಟೋ ಜನ ಮನೆಯಲ್ಲೇ ಉಳಿದರು. ಮಾರನೇ ವರ್ಷ ಅಮೆರಿಕದಲ್ಲಿ ತೆರವಿನ ಯೋಜನೆಗಳಲ್ಲಿ ಸಾಕುಪ್ರಾಣಿಗಳನ್ನೂ ಸೇರಿಸಬೇಕು ಅಂತ ಕಾನೂನೇ ಆಯ್ತು. ಆದರೂ ಎಲ್ಲ ಆಶ್ರಯ ಕೇಂದ್ರದಲ್ಲೂ ಹಕ್ಕಿಗೆ ಜಾಗ ಇರುತ್ತೆ ಅಂತ ನಂಬೋಕಾಗಲ್ಲ. ಯಾವ ನೆಂಟರ ಮನೆ, ಯಾವ ಸ್ನೇಹಿತರ ಮನೆ, ಈಗಲೇ ಕೇಳಿಟ್ಟುಕೊಳ್ಳಿ.

ಹಕ್ಕಿವೈದ್ಯೆ:
ಅಲ್ಲಿ ಬೇರೆಯವರ ಹಕ್ಕಿ ಇದ್ದರೆ ಬೇರೆ ಕೋಣೆ, ಬೇರೆ ಬಟ್ಟಲು. ಗಿಣಿ ಜ್ವರ ಒಣಗಿದ ಹಿಕ್ಕೆಯ ಧೂಳಿನಿಂದಲೂ ಹರಡುತ್ತೆ, ಮನುಷ್ಯರಿಗೂ ಬರುತ್ತೆ.

ಹಸಿರುಗರಿ:
ಹೊಗೆ ಬಂದಾಗ ಪಂಜರಕ್ಕೆ ಒದ್ದೆ ಬಟ್ಟೆ ಮುಚ್ಚಿದರೆ ಉಪಯೋಗ ಇದೆಯಾ?

ಹಕ್ಕಿವೈದ್ಯೆ:
ಬೂದಿ ತಡೆಯಬಹುದು, ಕಾರ್ಬನ್ ಮೊನಾಕ್ಸೈಡ್ ತಡೆಯಲ್ಲ. ಹೊರಗೆ ಒಯ್ಯೋದೊಂದೇ ದಾರಿ. ಕರೆಂಟ್ ಹೋದಾಗ ಬೆಚ್ಚಗಿರಲಿ ಅಂತ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಒಲೆ, ಸೀಮೆಎಣ್ಣೆ ಹೀಟರ್ ಹಚ್ಚೋದೂ ಅಷ್ಟೇ ಅಪಾಯ, ನಿಮಗೂ ಹಕ್ಕಿಗೂ.

ಗುಬ್ಬಿಗೂಡು:
ನಾನ್‌ಸ್ಟಿಕ್ ಬಾಣಲೆ ಕೂಡ ಅಂತಾರೆ?

ಕೆಂಬಾಲ:
ಅದು ಬರೀ ಮಾತಲ್ಲ. ನಾನ್‌ಸ್ಟಿಕ್‌ನ ಟೆಫ್ಲಾನ್ ಲೇಪನ 260 ಡಿಗ್ರಿ ದಾಟಿದರೆ ಒಡೆದು ವಿಷದ ಹೊಗೆ ಬಿಡೋಕೆ ಶುರುವಾಗುತ್ತೆ, ಖಾಲಿ ಬಾಣಲೆ ಜೋರು ಉರಿಯಲ್ಲಿ ಕೆಲವೇ ನಿಮಿಷದಲ್ಲಿ ಆ ಮಟ್ಟ ಮುಟ್ಟುತ್ತೆ. ವಾಸನೆ ನಮಗೆ ಗೊತ್ತಾಗೋ ಮೊದಲೇ ಹಕ್ಕಿ ಬಿದ್ದಿರುತ್ತೆ. ನಮ್ಮನೇಲಿ ಕಬ್ಬಿಣ, ಸ್ಟೀಲ್ ಬಿಟ್ಟು ಬೇರೆ ಇಲ್ಲ. ಅಮ್ಮ ಮೊದಲು ಬೇಜಾರು ಮಾಡ್ಕೊಂಡರು, ಈಗ ಬಂದ ನೆಂಟರಿಗೆಲ್ಲ ಅವರೇ ಹೇಳ್ತಾರೆ.

ಎರಡುಗೂಡು:
ಗಲಾಟೆಯಲ್ಲಿ ಹಾರಿಹೋದರೆ ಅಂತ ನನ್ನ ಬಡ್ಜಿಯ ಕೂಗನ್ನ ಫೋನಲ್ಲಿ ರೆಕಾರ್ಡ್ ಮಾಡಿಟ್ಟಿದ್ದೀನಿ. ಹೆಣ್ಣಿದ್ದಾಗ ಮಾಡಿದ್ದು, ಎರಡರ ದನಿಯೂ ಇದೆ. ತಪ್ಪಿಸಿಕೊಂಡ ಹಕ್ಕಿ ತನ್ನ ಗುಂಪಿನ ದನಿಗೆ ಉತ್ತರ ಕೊಡುತ್ತೆ, ಮುಖ್ಯವಾಗಿ ಬೆಳಗಿನ ಜಾವ ಮತ್ತು ಸಂಜೆ. ಅದರ ಪಂಜರವನ್ನ ಹೊರಗೆ ಕಾಣೋ ಹಾಗಿಟ್ಟು ದನಿ ಹಾಕಬೇಕು.

ಹಸಿರುಗರಿ (ಐದು ವಾರದ ನಂತರ):
ಎಲ್ಲರಿಗೂ ಹೇಳಲೇಬೇಕು ಅಂತ ಬಂದೆ. ಕ್ಯಾರಿಯರ್ ಈಗ ಪಂಜರದ ಪಕ್ಕ. ಮಳೆಹಕ್ಕಿ ಹೇಳಿದಂಗೇ ಗೇಣು ಗೇಣು ಹತ್ತಿರ ತಂದೆ. ಚುಕ್ಕಿ ಹದಿನೆಂಟನೇ ದಿನ ತಾನಾಗೇ ಒಳಗೆ ಹೋಯ್ತು, ಮಗಳು ಚಪ್ಪಾಳೆ ತಟ್ಟೋಕೆ ಹೋಗಿ ಬಾಯಿ ಮುಚ್ಚಿಕೊಂಡು ನಿಂತಳು. ನಿನ್ನೆ ರಾತ್ರಿ ದೀಪ ಆರಿಸಿ, ಗಡಿಯಾರ ಇಟ್ಟುಕೊಂಡು ಮನೆಮಂದಿಯೆಲ್ಲ ಅಭ್ಯಾಸ ಮಾಡಿದ್ವಿ. ಚುಕ್ಕಿ ಮತ್ತು ನೀಲಿ ಬಡ್ಜಿ ಒಟ್ಟು ಒಂದು ನಿಮಿಷ ನಲವತ್ತು ಸೆಕೆಂಡು. ಹಳದಿ ಬಡ್ಜಿ ಮಾತ್ರ ಬಾಗಿಲ ತನಕ ಬಂದು ವಾಪಸ್ ಹೋಗುತ್ತೆ, ಅದನ್ನ ಟವಲ್‌ನಲ್ಲೇ ಹಿಡಿಯಬೇಕಾಯ್ತು, ಅದೂ ಸೇರಿ ಒಟ್ಟು ನಾಲ್ಕು ನಿಮಿಷ.

ಮಳೆಹಕ್ಕಿ:
22ರಿಂದ 4ಕ್ಕೆ! ತುಂಬ ಖುಷಿಯಾಯ್ತು. ಹಳದಿಯನ್ನು ಒಬ್ಬಂಟಿಯಾಗಿ ಕರೀಬೇಡಿ. ನೀಲಿ ಒಳಗೆ ಕೂತು ತಿನ್ನುತ್ತಿರುವಾಗ ಬಾಗಿಲು ಹಾಗೇ ಬಿಡಿ, ನೀವು ಎರಡು ಹೆಜ್ಜೆ ಹಿಂದೆ ನಿಲ್ಲಿ.

ಬಡ್ಜಿಮನೆ:
ನನ್ನ ಆರರಲ್ಲಿ ನಾಲ್ಕು ಹೋಗ್ತಿವೆ ಈಗ. ತೆನೆ ಬಾಗಿಲಿಂದ ಕಾಣಬೇಕು, ಆದರೆ ಒಳಗಿನ ಕಡ್ಡಿ ಮೇಲೆ ಕೂತರೆ ಮಾತ್ರ ಸಿಗಬೇಕು, ಹಂಗೆ ಕಟ್ಟಿ.

ಹಸಿರುಗರಿ:
ನಾನು ಬಾಗಿಲ ಹತ್ತಿರಾನೇ ಕಟ್ಟಿದ್ದೆ, ಅದಕ್ಕೇ ಅಲ್ಲೇ ಕಿತ್ತುಕೊಂಡು ಓಡ್ತಿತ್ತು. ಇವತ್ತು ಸಂಜೆ ಒಳಗೆ ಸರಿಸಿ ಕಟ್ಟಿ ನೋಡ್ತೀನಿ.